ಷಟ್ಪದಿಯ ಸಾಲು ಮುರಿಯದ ಪರದೆ: ಹಳೇ ನೆಕ್ಸಸ್ 7 ಟ್ಯಾಬ್ಲೆಟ್ಟಿನ ಎರಡನೇ ಬಾಳು

ನನ್ನ ಹತ್ತಿರ ಇರುವುದು 2013ರ ನೆಕ್ಸಸ್ 7, ಗೂಗಲ್‌ಗಾಗಿ ಆಸುಸ್ ತಯಾರಿಸಿದ ಏಳಿಂಚಿನ ಟ್ಯಾಬ್ಲೆಟ್. ಹೊಸದಾಗಿದ್ದಾಗ ಇದರ ಬಗ್ಗೆ ಬೇಕಾದಷ್ಟು ವಿಮರ್ಶೆ ಬಂದಿದ್ದವು, ಅಂಕಿ ಅಂಶ ಬೇಕಾದವರಿಗೆ ಅಲ್ಲಿ ಸಿಗುತ್ತದೆ. ನಾನು ಬರೆಯುತ್ತಿರುವುದು ಇದನ್ನು ಬೀರುವಿನಿಂದ ತೆಗೆದು, ರಿಪೇರಿ ಮಾಡಿಸಿ, ಬ್ರೌಸರ್ ತೆರೆದು ಓದುವುದಕ್ಕೆಂದೇ ಒಂದು ಮಳೆಗಾಲ, ಒಂದು ಬೇಸಿಗೆ ಬಳಸಿದ ಮೇಲೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಓದುವ ಅಭ್ಯಾಸ ಇದ್ದವರಿಗೆ, ಅದರಲ್ಲೂ ಕನ್ನಡ ಕಾವ್ಯ ಓದುವವರಿಗೆ, ಇದು ಇವತ್ತಿಗೂ ಒಳ್ಳೆಯ ಸಾಧನ. ದಿನಾ ಸುದ್ದಿ ತಾಣ ತಿರುವಿಹಾಕುವುದೇ ಮುಖ್ಯ ಕೆಲಸವಾದರೆ ತಾಳ್ಮೆ ಕೆಡುತ್ತದೆ.

ಹೊಸ ಟ್ಯಾಬ್ಲೆಟ್ ಕೊಳ್ಳೋಣ ಎಂಬ ಮಾತು ಮನೆಯಲ್ಲಿ ಬಂದಿತ್ತು. ಹದಿನೈದು ಸಾವಿರದ ಸುತ್ತಮುತ್ತ ಒಳ್ಳೆಯವೇ ಸಿಗುತ್ತಿದ್ದವು. ಆದರೆ ನಮ್ಮದು ಮಲೆನಾಡಿನ ಹೆಂಚಿನ ಮನೆ. ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಬೇಕು, ಜೂನ್‌ನಲ್ಲಿ ಮಕ್ಕಳ ಫೀಸು ಕಟ್ಟಬೇಕು. ಊಟವಾದ ಮೇಲೆ ಒಂದರ್ಧ ಗಂಟೆ ಓದುವುದಕ್ಕೆ ಅಷ್ಟು ದುಡ್ಡು ಹಾಕಲು ಮನಸ್ಸು ಬರಲಿಲ್ಲ. ಎರಡು ಸಾವಿರದೊಳಗೆ ಹಳೆಯದನ್ನೇ ಎಬ್ಬಿಸಲು ಆದರೆ ಸರಿ, ಇಲ್ಲದಿದ್ದರೆ ಬೇಡ ಎಂದು ಹೊರಟೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದ ಮೇಲೆ ಟ್ಯಾಬ್ಲೆಟ್ ಎದ್ದಿತಾದರೂ ಚಾರ್ಜು ನಿಲ್ಲುತ್ತಿರಲಿಲ್ಲ. ವಯಸ್ಸಾದ ಬ್ಯಾಟರಿ, ಅದರಲ್ಲಿ ಆಶ್ಚರ್ಯವಿಲ್ಲ.

ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸರ್, ಇದಕ್ಕೆ ಯಾಕೆ ದುಡ್ಡು ಹಾಕ್ತೀರಾ? ಕಂತಲ್ಲಿ ಹೊಸದೇ ಬರುತ್ತೆ" ಅಂದ. "ಪರದೆ ಚೆನ್ನಾಗಿದೆ ಕಣಪ್ಪಾ, ಬ್ಯಾಟರಿ ಒಂದು ಹಾಕಿಕೊಡು" ಅಂದೆ. ಬ್ಯಾಟರಿಯ ಮೇಲೆ ಸಿ11ಪಿ1303 ಎಂಬ ಸಂಖ್ಯೆ ಇರುತ್ತದೆ, ತರಿಸುವಾಗ ಅದನ್ನೇ ಹೇಳಿ. ಹಿಂಬದಿಯ ಕವಚಕ್ಕೆ ಸ್ಕ್ರೂ ಇಲ್ಲ, ಸುತ್ತಲೂ ಕೊಂಡಿಗಳಿವೆ ಅಷ್ಟೆ. ತೆಳು ಪ್ಲಾಸ್ಟಿಕ್ ತುಂಡು ತೂರಿಸಿ ನಿಧಾನಕ್ಕೆ ಬಿಡಿಸಿದ. ಕೂಲಿ ಸೇರಿ ಸಾವಿರದ ಇನ್ನೂರು ರೂಪಾಯಿ ಆಯಿತು. ಚಾರ್ಜು ಈಗ ಎರಡು ಸಂಜೆಗೆ ಆರಾಮಾಗಿ ಬರುತ್ತದೆ.

ಬ್ಯಾಟರಿ ಬದಲಾದ ತಕ್ಷಣ ಎಲ್ಲವೂ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನಿಜವಾದ ಗಂಟು ಇರುವುದು ಬ್ರೌಸರ್ ತೆರೆದಾಗ. ತಾಣದ ಹೆಸರು ಹೊಡೆದರೆ ಪುಟದ ಬದಲು 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ತಾರೀಖು. ಬ್ಯಾಟರಿ ಪೂರ್ತಿ ಬರಿದಾದರೆ ಗಡಿಯಾರ 1970ಕ್ಕೆ ಹೋಗಿ ನಿಂತಿರುತ್ತದೆ. ತಾನು ಅಸಲಿ ಎಂದು ತೋರಿಸಲು ಪ್ರತಿ ಸುರಕ್ಷಿತ ತಾಣದ ಬಳಿ ಇರುವ ಡಿಜಿಟಲ್ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, 1970ರಲ್ಲಿ ಕುಳಿತ ಟ್ಯಾಬ್ಲೆಟ್ಟಿಗೆ ಯಾವ ತಾಣವೂ ನಂಬಿಕೆಗೆ ಅರ್ಹವಲ್ಲ.

ತಾರೀಖು ಸರಿಮಾಡಿದ ಮೇಲೂ ಅನೇಕ ತಾಣಗಳು ತೆರೆಯಲಿಲ್ಲ. ಕಾರಣ ಇನ್ನೂ ಆಳದಲ್ಲಿದೆ. ತಾಣಗಳ ಪ್ರಮಾಣಪತ್ರಕ್ಕೆ ಜಾಮೀನು ನಿಲ್ಲುವ ಮೂಲ ಸಂಸ್ಥೆಗಳ ಪಟ್ಟಿ ಸಾಧನದ ಒಳಗೇ ಕೂತಿರುತ್ತದೆ. ಈ ಟ್ಯಾಬ್ಲೆಟ್ಟಿಗೆ ಅಧಿಕೃತವಾಗಿ ಬಂದ ಕೊನೆಯ ಆವೃತ್ತಿ ಆಂಡ್ರಾಯ್ಡ್ 6.0.1. ಲೆಕ್ಕವಿಲ್ಲದಷ್ಟು ತಾಣಗಳಿಗೆ ಪುಕ್ಕಟೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸ್ವಂತ ಹೆಸರು ಆಂಡ್ರಾಯ್ಡ್ ಪಟ್ಟಿಗೆ ಸೇರಿದ್ದು 7.1.1ರಲ್ಲಿ. ಅದಕ್ಕಿಂತ ಹಳೆಯ ಸಾಧನಗಳ ಸಲುವಾಗಿ ಇನ್ನೊಂದು ಸಂಸ್ಥೆಯ ಸಹಿ ಹಾಕಿಸಿಕೊಂಡು ನಡೆಸುತ್ತಿದ್ದ ಏರ್ಪಾಡು 2024ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಕ್ರೋಮ್‌ನ ಹೊಸ ಆವೃತ್ತಿಗಳಂತೂ ಆಂಡ್ರಾಯ್ಡ್ 6ಕ್ಕೆ ಬರುವುದು 2022ರಲ್ಲೇ ನಿಂತಿತು. ಒಳ್ಳೆಯ ಪರದೆ, ಕೆಲಸ ಮಾಡುವ ವೈಫೈ, ಹೊಸ ಬ್ಯಾಟರಿ ಎಲ್ಲ ಇದ್ದೂ ಒಂದು ಪಟ್ಟಿ ಹಳೆಯದಾದ ಕಾರಣಕ್ಕೆ ಸಾಧನ ಮೂಲೆ ಸೇರುತ್ತದಲ್ಲ, ಅದು ನನಗೆ ಈಗಲೂ ಸಂಕಟದ ವಿಷಯವೇ.

ಅದಕ್ಕೆ ಪರಿಹಾರ ಲಿನಿಯೇಜ್ ಓಎಸ್. ಸ್ವಯಂಸೇವಕರು ಕಟ್ಟಿ ಹಂಚುವ ಆಂಡ್ರಾಯ್ಡ್ ಇದು. ನಾನು ಹಾಕಿದ್ದು 18.1, ಅಂದರೆ ಆಂಡ್ರಾಯ್ಡ್ 11. ಹಂತ ಹಂತವಾದ ವಿವರ ಅವರ ತಾಣದಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ಎಚ್ಚರ ಬೇಕಾದ ಜಾಗಗಳನ್ನು ಮಾತ್ರ ಹೇಳುತ್ತೇನೆ. ಸಾಧನವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗ ತೆಗೆದ ಕೂಡಲೇ ಒಳಗಿದ್ದ ಫೋಟೊ, ಕಡತ ಎಲ್ಲ ಅಳಿಸಿಹೋಗುತ್ತವೆ, ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಈ ಮಾದರಿಯಲ್ಲಿ ಸಿಸ್ಟಮ್‌ಗೆಂದು ಮೀಸಲಾದ ಜಾಗ ಚಿಕ್ಕದು, ಹೊಸ ಆಂಡ್ರಾಯ್ಡ್ ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಒಳಗಿನ ಸಂಗ್ರಹವನ್ನೇ ಬೇರೆ ರೀತಿ ಪಾಲು ಮಾಡಬೇಕು. ಆ ಹೊತ್ತಿನಲ್ಲಿ ಕೆಲಸ ಅರ್ಧಕ್ಕೆ ನಿಂತರೆ ಕಷ್ಟ. ನಮ್ಮ ಕಡೆ ಆಷಾಢದ ಗಾಳಿಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅದಕ್ಕೆ ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್ ಎರಡನ್ನೂ ಪೂರ್ತಿ ಚಾರ್ಜ್ ಮಾಡಿಯೇ ಕೂತೆ. ಇನ್ನೊಂದು ಮಾತು: ಡೇಟಾ ಸಾಗಿಸುವ ಕೇಬಲ್ಲೇ ಬೇಕು. ಚಾರ್ಜಿಗಷ್ಟೇ ಆಗುವ ಅಗ್ಗದ ಕೇಬಲ್ ಹಾಕಿದರೆ ಲ್ಯಾಪ್‌ಟಾಪಿಗೆ ಟ್ಯಾಬ್ಲೆಟ್ ಕಾಣಿಸುವುದೇ ಇಲ್ಲ.

ಗೂಗಲ್ ಆ್ಯಪ್‌ಗಳನ್ನು ಬೇಕೆಂದೇ ಹಾಕಲಿಲ್ಲ. ಇರುವ 2 ಜಿಬಿ ಮೆಮೊರಿಯಲ್ಲಿ ಅವುಗಳಿಗೆ ಪಾಲು ಕೊಟ್ಟರೆ ಬ್ರೌಸರ್‌ಗೆ ಏನೂ ಉಳಿಯುವುದಿಲ್ಲ. ಮುಕ್ತ ತಂತ್ರಾಂಶದ ಆ್ಯಪ್‌ಗಳು ಪುಕ್ಕಟೆ ಸಿಗುವ ಎಫ್-ಡ್ರಾಯ್ಡ್‌ನಿಂದ ಫೆನೆಕ್ ಎಂಬ ಬ್ರೌಸರ್ ಇಳಿಸಿಕೊಂಡೆ. ಅದು ಫೈರ್‌ಫಾಕ್ಸ್‌ನದೇ ಇನ್ನೊಂದು ರೂಪ. ಪ್ರಮಾಣಪತ್ರಗಳ ಪಟ್ಟಿಯನ್ನು ಫೈರ್‌ಫಾಕ್ಸ್ ತನ್ನ ಜೊತೆಗೇ ಹೊತ್ತು ತರುತ್ತದೆ, ಹಾಗಾಗಿ ಸಾಧನದ ಪಟ್ಟಿ ಎಷ್ಟೇ ಹಳತಾದರೂ ಬ್ರೌಸರ್ ಹೊಸದಾಗುತ್ತಾ ಹೋದರೆ ಸಾಕು.

ಇಲ್ಲಿಯವರೆಗೆ ಹುರುಪೇ ಹುರುಪು. ಆಮೇಲೆ ಸುದ್ದಿ ತಾಣಗಳನ್ನು ತೆರೆದೆ. ಒಂದು ದಿನಪತ್ರಿಕೆಯ ತಾಣದಲ್ಲಿ ಮಳೆ ಹಾನಿಯ ವರದಿ ಓದಲು ಕೂತರೆ, ಎರಡು ಸಾಲು ಕಾಣಿಸುವಷ್ಟರಲ್ಲಿ ಜಾಹೀರಾತು ನುಗ್ಗಿ ಪುಟ ಕೆಳಕ್ಕೆ ಜಾರುತ್ತದೆ, ತಾನಾಗಿ ವಿಡಿಯೊ ಶುರುವಾಗುತ್ತದೆ, ನೋಟಿಫಿಕೇಶನ್ ಬೇಕೇ ಎಂಬ ಪ್ರಶ್ನೆ ಬೇರೆ. ಬೆರಳು ಆಡಿಸಿದರೆ ಪುಟ ಅಲ್ಲಾಡುವುದೇ ಇಲ್ಲ. ಇನ್ನೊಂದು ಟ್ಯಾಬಿಗೆ ಹೋಗಿ ಬಂದರೆ ಮೊದಲಿನದು ಮತ್ತೆ ಒಂದರಿಂದ ಲೋಡ್ ಆಗುತ್ತದೆ. ಇ-ಪೇಪರ್ ಅಂತೂ ಏಳಿಂಚಿನಲ್ಲಿ ಆಗದ ಮಾತು. ಇಡೀ ಪುಟದ ಚಿತ್ರ ಅದು, ಹಿಗ್ಗಿಸಿ ಎಳೆದಾಡುವುದರಲ್ಲೇ ಓದುವ ಆಸೆ ಹೋಗುತ್ತದೆ. ಒಂದು ಹಂತದಲ್ಲಿ ಇದನ್ನು ಮತ್ತೆ ಬೀರುವಿಗೇ ಸೇರಿಸೋಣ ಅನ್ನಿಸಿತ್ತು. ಒಂದು ಸಾಮಾನ್ಯ ವರದಿಗೆ ಇಷ್ಟು ಭಾರ ಕಟ್ಟಿ ಓದುಗರಿಗೆ ಹೊರಿಸುವುದು ಅನ್ಯಾಯ. ಹಳೆಯ ಫೋನ್ ಇಟ್ಟುಕೊಂಡ ಹಳ್ಳಿಯ ಓದುಗರೂ ಇದೇ ಪಾಡು ಪಡುತ್ತಿರುತ್ತಾರೆ.

ಸಮಾಧಾನ ಸಿಕ್ಕಿದ್ದು ಎರಡು ಸಣ್ಣ ಬದಲಾವಣೆಯಿಂದ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಜೋಡಣೆಯನ್ನು ಬ್ರೌಸರ್‌ಗೆ ಹಾಕಿದ ಮೇಲೆ ಅದೇ ತಾಣ ಓದುವ ಸ್ಥಿತಿಗೆ ಬಂತು. ವಿಳಾಸದ ಪಟ್ಟಿಯಲ್ಲಿ ಓದುವ ನೋಟದ ಗುರುತು ಕಂಡರೆ ಅದನ್ನು ಒತ್ತಿಬಿಡುತ್ತೇನೆ. ಅಕ್ಕಪಕ್ಕದ ಗದ್ದಲವೆಲ್ಲ ಹೋಗಿ ಬರಹವಷ್ಟೇ ಉಳಿಯುತ್ತದೆ, ಅಕ್ಷರ ದೊಡ್ಡದು ಮಾಡಬಹುದು, ಹಿನ್ನೆಲೆಗೆ ಹಳೇ ಕಾಗದದ ಬಣ್ಣ ಕೊಡಬಹುದು. ಕನ್ನಡಕ್ಕೆ ಇದರಿಂದ ಇನ್ನೊಂದು ಲಾಭವಿದೆ. ಕೆಲವು ತಾಣಗಳಲ್ಲಿ ಸಾಲಿನ ಅಂತರವನ್ನು ಇಂಗ್ಲಿಷ್ ಅಳತೆಗೇ ಬಿಟ್ಟಿರುತ್ತಾರೆ, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಓದುವ ನೋಟದಲ್ಲಿ ಆ ಕಿರಿಕಿರಿ ಇಲ್ಲ.

ಆಮೇಲೆ ನನಗೆ ಸಿಕ್ಕಿದ್ದೇ ಈ ವಿಮರ್ಶೆ ಬರೆಯಲು ಕಾರಣ. ಒಂದು ರಾತ್ರಿ ಹಳೆಯ ಕೃತಿಗಳನ್ನು ಪುಕ್ಕಟೆ ಓದಬಹುದಾದ ಕನ್ನಡ ವಿಕಿಸೋರ್ಸ್ ತಾಣ ತೆರೆದು ಭಾಮಿನಿ ಷಟ್ಪದಿಯ ಪದ್ಯ ಓದುತ್ತಿದ್ದೆ. ಟ್ಯಾಬ್ಲೆಟ್ಟನ್ನು ನೆಟ್ಟಗೆ ಹಿಡಿದಿದ್ದೆ, ಅಕ್ಷರ ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡದಿತ್ತು. ಆರು ಸಾಲೂ ಆರೇ ಸಾಲಾಗಿ ನಿಂತಿದ್ದವು! ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23. ಫೋನಿನಲ್ಲಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿದರೆ ಆ ಉದ್ದದ ಸಾಲು ಮುರಿದು ಕೆಳಗೆ ಬೀಳುತ್ತದೆ, ಆರು ಸಾಲಿನ ಪದ್ಯ ಎಂಟು ಸಾಲಾಗಿ ಕಾಣುತ್ತದೆ. ಕಣ್ಣಿಗೆ ಲಯ ತಪ್ಪಿದರೆ ಬಾಯಿಗೂ ತಪ್ಪುತ್ತದೆ. ಈ ಪರದೆಯಲ್ಲಿ ಉದ್ದದ ಸಾಲು ಅಂಚಿನವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಇಂಚಿಗೆ 323 ಚುಕ್ಕೆಗಳ ಪರದೆಯಾದ್ದರಿಂದ 'ಲಕ್ಷ್ಮಿ', 'ಸ್ತ್ರೀ' ಥರದ ಎರಡೊತ್ತಿನ ಅಕ್ಷರಗಳೂ ಕಲಸಿಕೊಳ್ಳದೆ ಬಿಡಿಬಿಡಿಯಾಗಿ ಕಾಣುತ್ತವೆ. 2013ರ ಪರದೆ ಇದು, ಈಗಿನ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಇಷ್ಟು ಸ್ಪಷ್ಟ ಅಕ್ಷರ ನನಗೆ ಕಂಡಿಲ್ಲ.

ಹೀಗೆ ಈಗ ಇದಕ್ಕೊಂದು ಕ್ರಮ ಹುಟ್ಟಿಕೊಂಡಿದೆ. ಊಟ ಮುಗಿದು ಅಡುಗೆಮನೆ ಒರೆಸಿದ ಮೇಲೆ ಜಗಲಿಯಲ್ಲಿ ಕೂರುತ್ತೇನೆ. ಪರದೆಯನ್ನು ಎರಡು ಪಾಲು ಮಾಡುತ್ತೇನೆ: ಮೇಲೆ ಫೆನೆಕ್‌ನಲ್ಲಿ ಪದ್ಯ, ಕೆಳಗೆ ಲಿನಿಯೇಜ್‌ನ ಜೊತೆಗೇ ಬರುವ ಪುಟ್ಟ ಬ್ರೌಸರ್‌ನಲ್ಲಿ ಅಲರ್ ನಿಘಂಟು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷ ಪದ ಇವೆ, 2019ರಿಂದ ಎಲ್ಲರಿಗೂ ಪುಕ್ಕಟೆ ತೆರೆದಿದೆ. ಪುಟ ಎಷ್ಟು ಹಗುರ ಎಂದರೆ ಈ ಹಳೇ ಯಂತ್ರದಲ್ಲೂ ಪದ ಹೊಡೆದ ಮರುಕ್ಷಣ ಅರ್ಥ ಬರುತ್ತದೆ. ಜಾಲತಾಣ ಕಟ್ಟುವವರು ಮನಸ್ಸು ಮಾಡಿದರೆ ಎಷ್ಟು ಚೊಕ್ಕವಾಗಿ ಕಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಚನಗಳನ್ನು ಹುಡುಕಿ ಓದುವ ವಚನ ಸಂಚಯ ತಾಣವೂ ಚೆನ್ನಾಗಿ ತೆರೆಯುತ್ತದೆ. ಕರೆಂಟ್ ಹೋಗಿ ವೈಫೈ ನಿಂತ ರಾತ್ರಿಗಳಿಗೆಂದು ಕಿವಿಕ್ಸ್ ಆ್ಯಪ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಂಡಿದ್ದೇನೆ.

ಅಮ್ಮನಿಗೂ ಇದು ಹಿಡಿಸಿತು. ಅವರಿಗೆ ಅಕ್ಷರ ನನಗಿಂತ ದೊಡ್ಡದು ಬೇಕು, ಆಗ ಉದ್ದದ ಸಾಲು ಮುರಿಯುತ್ತದೆ. "ಅಡ್ಡ ಹಿಡ್ಕಂಡ್ರೆ ಆಯ್ತಲ್ಲೋ, ಅದಕ್ಯಾಕೆ ಅಷ್ಟು ಯೋಚ್ನೆ" ಅಂದು ತಾವೇ ತಿರುಗಿಸಿಕೊಂಡರು. ಗಮಕಕ್ಕೆ ಹೆಸರಾದ ಮತ್ತೂರು, ಹೊಸಹಳ್ಳಿಯ ಕಡೆ ವಾಚನ ಕೇಳಿ ಬೆಳೆದವರು ಅವರು. ಸುಮ್ಮನೆ ಓದಲು ಬರುವುದಿಲ್ಲ, ರಾಗ ತಾನಾಗಿ ಸೇರುತ್ತದೆ. ಮಧ್ಯಾಹ್ನ ಟ್ಯಾಬ್ಲೆಟ್ ಅವರದೇ ಈಗ.

ಚಾರ್ಜಿಂಗ್ ವಿಷಯ. ಹಳೇ ಮೈಕ್ರೊ ಯುಎಸ್‌ಬಿ ಕಿಂಡಿ ಸಡಿಲವಾಗಿದೆ, ಪಿನ್ನು ನಿಲ್ಲುವುದಿಲ್ಲ. ಆದರೆ ಈ ಮಾದರಿಯಲ್ಲಿ 2013ರಲ್ಲೇ 'ಚೀ' (Qi) ಎಂಬ ಬಗೆಯ ನಿಸ್ತಂತು ಚಾರ್ಜಿಂಗ್ ಕೊಟ್ಟಿದ್ದರು. ಮನೆಯಲ್ಲಿ ಫೋನಿಗೆಂದು ಇದ್ದ ದುಂಡನೆಯ ಚಾರ್ಜಿಂಗ್ ತಟ್ಟೆಯ ಮೇಲೆ ಇಟ್ಟರೆ ಸಾಕು. ಒಂದೇ ಏಟಿಗೆ ಹಿಡಿಯುವುದಿಲ್ಲ, ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಸುತ್ತಾ ಹೋಗಬೇಕು, ಸರಿಯಾದ ಜಾಗ ಸಿಕ್ಕಾಗ ಟಿಣ್ ಅನ್ನುತ್ತದೆ. ರಾತ್ರಿ ಮಲಗುವ ಮುಂಚೆ ಆ ಸದ್ದು ಕೇಳಿದರೆ ನನಗೊಂದು ನೆಮ್ಮದಿ. ತಟ್ಟೆಯ ಮೇಲೆ ಎಲ್ಲಿ ಕೂರುತ್ತದೆಂದು ಈಗ ಪೆನ್ಸಿಲ್ ಗುರುತು ಹಾಕಿಟ್ಟಿದ್ದೇನೆ.

ಏನೇನು ಮಾಡಬಾರದು ಎಂಬುದೂ ಅಷ್ಟೇ ಮುಖ್ಯ. ಆಂಡ್ರಾಯ್ಡ್ 11ಕ್ಕೆ ಗೂಗಲ್‌ನ ಭದ್ರತಾ ಪರಿಷ್ಕರಣೆ 2024ರಲ್ಲೇ ನಿಂತಿದೆ. ಬ್ರೌಸರ್ ಹೊಸದಿದ್ದರೂ ಅದರಡಿಯ ನೆಲ ಹಳೆಯದೇ. ಬ್ಯಾಂಕು, ಯುಪಿಐ, ಮುಖ್ಯ ಇಮೇಲ್ ಯಾವುದನ್ನೂ ಇದರಲ್ಲಿ ತೆರೆಯುವುದಿಲ್ಲ, ತೆರೆಯಬೇಡಿ. ಬೂಟ್‌ಲೋಡರ್ ಬೀಗ ತೆಗೆದ ಸಾಧನಗಳಲ್ಲಿ ಬ್ಯಾಂಕಿನ ಆ್ಯಪ್‌ಗಳು ಸಾಮಾನ್ಯವಾಗಿ ನಡೆಯುವುದೂ ಇಲ್ಲ. ಲಿನಿಯೇಜ್‌ನ ಆ ಪುಟ್ಟ ಬ್ರೌಸರ್ ಸಿಸ್ಟಮ್‌ನ ಭಾಗವನ್ನೇ ಬಳಸುವುದರಿಂದ ಅದೂ ಹಳತಾಗುತ್ತಿರುತ್ತದೆ, ನಿಘಂಟಿನಂಥ ಒಂದೆರಡು ನಂಬಿಕೆಯ ತಾಣಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ದೊಡ್ಡ ಅರ್ಜಿ ತುಂಬುವುದಕ್ಕೂ ಕೂರಬೇಡಿ, ನಡುವೆ ಬೇರೆ ಕಡೆ ಹೋಗಿ ಬಂದರೆ ಬರೆದದ್ದು ಉಳಿಯುತ್ತದೆಂಬ ಖಾತ್ರಿ ಇಲ್ಲ.

ನಿಮ್ಮ ಮನೆಯಲ್ಲೂ ಒಂದು ನೆಕ್ಸಸ್ 7 ಬಿದ್ದಿದ್ದರೆ, ದುಡ್ಡು ಹಾಕುವ ಮೊದಲು ತಿರುಗಿಸಿ ನೋಡಿ. ಹಿಂದೆ ಕ್ಯಾಮೆರಾ ಇದ್ದರೆ 2013ರದು, ರಿಪೇರಿ ಮಾಡಿಸಿ. ಹಿಂದೆ ಕ್ಯಾಮೆರಾ ಇಲ್ಲದೆ ಚರ್ಮದ ಥರ ತೂತುತೂತಾದ ಕವಚ ಇದ್ದರೆ ಅದು 2012ರ ಮಾದರಿ. ಅದರಲ್ಲಿ ಮೆಮೊರಿ 1 ಜಿಬಿ ಮಾತ್ರ, ಒಳಗಿನ ಸಂಗ್ರಹವೂ ನಿಧಾನ, ಅದಕ್ಕೆ ಹೊಸ ಬ್ಯಾಟರಿ ಹಾಕಿಸುವುದು ಬೇಡ. ಸಿಮ್ ಹಾಕುವ ಕಿಂಡಿ ಇರುವ 2013ರದಾದರೆ ಲಿನಿಯೇಜ್‌ನ ಕಡತಗಳು ಬೇರೆ, ವೈಫೈ ಮಾದರಿಯದನ್ನು ಅದಕ್ಕೆ ಹಾಕಬೇಡಿ.