ವಿದೇಶಕ್ಕೆ ಯಾವ ಕಾರ್ಡ್? ಕ್ರೆಡಿಟ್, ಡೆಬಿಟ್, ಫಾರೆಕ್ಸ್ ಮೂರನ್ನೂ ಬಳಸಿ ನೋಡಿದ ಲೆಕ್ಕ

ಸಾಗರ, ತೀರ್ಥಹಳ್ಳಿ ಕಡೆಯಿಂದ ಮಕ್ಕಳನ್ನು ನೋಡಲು ಫ್ರಾಂಕ್‌ಫರ್ಟಿಗೋ ಡಲ್ಲಾಸಿಗೋ ಹೊರಡುವವರು ಅಂಗಡಿ, ಹೋಟೆಲಿಗೆ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ, ನಗದಿಗೆ ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್). ಡೆಬಿಟ್ ಕಾರ್ಡ್ ಆಪತ್ತಿಗೆ ಮಾತ್ರ. ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು.

ಸಾಮಾನ್ಯ ಕ್ರೆಡಿಟ್ ಕಾರ್ಡಿಗೆ ಮಾರ್ಕಪ್, ಅಂದರೆ ವಿದೇಶಿ ಹಣದ ಖರ್ಚಿಗೆ ಬ್ಯಾಂಕ್ ಹಾಕುವ ಶುಲ್ಕ, 3.5%, ಅದರ ಮೇಲೆ 18% ಜಿಎಸ್‌ಟಿ. ಹತ್ತು ಸಾವಿರ ರೂಪಾಯಿಯ ಖರೀದಿಗೆ 413 ರೂಪಾಯಿ ಹೆಚ್ಚುವರಿ. 2% ಮಾರ್ಕಪ್ಪಿನ ಕಾರ್ಡಾದರೆ 236. ಯುರೋ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಯುರೋ ಖರ್ಚು ಮಾಡಿದರೆ ಮಾರ್ಕಪ್ ಇಲ್ಲ, ಬ್ಯಾಂಕಿನ ಲಾಭ ತುಂಬಿಸುವ ದಿನದ ದರದಲ್ಲೇ ಸೇರಿರುತ್ತದೆ. ಅದೇ ಕಾರ್ಡನ್ನು ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕಿಗೆ ಬಳಸಿದರೆ ಕ್ರಾಸ್ ಕರೆನ್ಸಿ ಶುಲ್ಕ ಬಿದ್ದು ಉಳಿತಾಯವೆಲ್ಲ ಹೋಗುತ್ತದೆ.

ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಲೇಬೇಡಿ. ಹತ್ತು ಸಾವಿರಕ್ಕೆ ಸಮನಾದ ನಗದಿಗೆ ಕನಿಷ್ಠ ಶುಲ್ಕ 500, ಜಿಎಸ್‌ಟಿ ಸೇರಿ 590, ಮಾರ್ಕಪ್ 413, ಒಟ್ಟು ಸಾವಿರದ ಮೇಲೆ. ಬಡ್ಡಿ ಅದೇ ದಿನದಿಂದ ಓಡುತ್ತದೆ. ಸಲಕ್ಕೆ 150 ರೂಪಾಯಿ ಶುಲ್ಕ, ಅದೇ 3.5% ಮಾರ್ಕಪ್ಪಿನ ಡೆಬಿಟ್ ಕಾರ್ಡಿನಲ್ಲಿ ಅಷ್ಟೇ ಹಣಕ್ಕೆ ಎಲ್ಲ ಜಿಎಸ್‌ಟಿ ಸೇರಿ ಒಟ್ಟು 590 ಆಗುತ್ತದೆ, ಬಡ್ಡಿ ಇಲ್ಲ.

ಹೋಟೆಲ್, ಬಾಡಿಗೆ ಕಾರಿನ ಡಿಪಾಸಿಟ್ಟಿಗೆ ಮಾತ್ರ ಕ್ರೆಡಿಟ್ ಕಾರ್ಡಿಗೆ ಸಾಟಿಯಿಲ್ಲ. ಅದರಲ್ಲಿ ತಡೆಹಿಡಿಯುವುದು ಲಿಮಿಟ್ಟನ್ನು. ಡೆಬಿಟ್ಟಿನಲ್ಲಿ ನಿಮ್ಮ ದುಡ್ಡೇ ದಿನಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಪಿನ್ ವಿಷಯದಲ್ಲಿ. ಇಲ್ಲಿ ಯುಪಿಐ, ಇಲ್ಲವೇ 5000 ರೂಪಾಯಿವರೆಗೆ ಟ್ಯಾಪ್. ಕ್ರೆಡಿಟ್ ಕಾರ್ಡಿನ ಪಿನ್ ಬೇಕಾಗುವುದೇ ಅಪರೂಪ, ಎಷ್ಟೋ ಜನ ಹಾಕಿಸಿಕೊಂಡೇ ಇರುವುದಿಲ್ಲ. ಯುರೋ ಬಳಸುವ ಬಹುತೇಕ ದೇಶಗಳಲ್ಲಿ 50 ಯುರೋ ದಾಟಿದರೆ ಯಂತ್ರ ಪಿನ್ ಕೇಳುತ್ತದೆ. ಸಿಬ್ಬಂದಿಯೇ ಇಲ್ಲದ ರೈಲ್ವೆ ಟಿಕೆಟ್ ಯಂತ್ರದ ಮುಂದೆ ಪಿನ್ ಇಲ್ಲದವರಿಗೆ ಬೇರೆ ದಾರಿಯಿಲ್ಲ. ಅಮೆರಿಕದಲ್ಲಿ ತದ್ವಿರುದ್ಧ: ಅಂಗಡಿಯಲ್ಲಿ ಪಿನ್ ಕೇಳದೆಯೂ ಹಣ ಹೋಗುತ್ತದೆ, ಆದರೆ ಪೆಟ್ರೋಲ್ ಪಂಪ್ ಐದಂಕಿಯ ಜಿಪ್ ಕೋಡ್ ಕೇಳುತ್ತದೆ. ಅದು ಅಲ್ಲಿನ ಅಂಚೆ ಪಿನ್‌ಕೋಡ್. ನಮ್ಮ ಶಿವಮೊಗ್ಗದ 577201 ಆರಂಕಿ, ಅಲ್ಲಿ ಹಿಡಿಸುವುದಿಲ್ಲ. ಒಳಗೆ ಕೌಂಟರಿಗೆ ಹೋಗಿ ಪಂಪ್ ನಂಬರ್ ಹೇಳಿ ಮೊದಲೇ ಹಣ ಕಟ್ಟಿ.

ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಂದ ಬಂದ್ ಆಗಿರುತ್ತದೆ; 2020ರ ರಿಸರ್ವ್ ಬ್ಯಾಂಕ್ ನಿಯಮ ಅದು. ಆ್ಯಪ್‌ನಲ್ಲಿ ಇಂಟರ್‌ನ್ಯಾಶನಲ್ ಆನ್ ಮಾಡಿ. ಅಂಗಡಿ, ಎಟಿಎಂ, ಆನ್‌ಲೈನ್, ಟ್ಯಾಪ್‌ಗಳಿಗೆ ಬೇರೆ ಬೇರೆ ಸ್ವಿಚ್ ಇದ್ದರೆ ಪ್ರತಿಯೊಂದನ್ನೂ ನೋಡಿ. ಒಟಿಪಿ ಬೇಕಾಗುವುದರಿಂದ ಇದನ್ನು ಮಳೆಗಾಲದಲ್ಲಿ ಟವರ್ ಸಿಗದ ಹಳ್ಳಿ ಮನೆಯಲ್ಲಿ ಕೂತು ಮಾಡಬೇಡಿ, ಶಿವಮೊಗ್ಗಕ್ಕೆ ಬಂದಾಗಲೇ ಮುಗಿಸಿ. ಪಿನ್ ಹಾಕಿದ ಮೇಲೆ ನೆಹರು ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ಟ್ಯಾಪ್ ಮಾಡದೆ, ಚಿಪ್ ಒಳಗೆ ತೂರಿಸಿ ಒಮ್ಮೆ ಪಾವತಿಸಿ. ಅಲ್ಲಿ ಪಿನ್ ಒಪ್ಪಿದರೆ ನಿಶ್ಚಿಂತೆ. ಮೂರು ಸಲ ತಪ್ಪು ಒತ್ತಿದರೆ ಸಾಮಾನ್ಯವಾಗಿ ಕಾರ್ಡ್ ಲಾಕ್ ಆಗುತ್ತದೆ.

ವಿದೇಶದ ಅಂಗಡಿ, ಎಟಿಎಂ ಯಂತ್ರದ ಪರದೆಯಲ್ಲಿ ಒಮ್ಮೊಮ್ಮೆ ಎರಡು ಮೊತ್ತ ಕಾಣುತ್ತವೆ: ಒಂದು ಯುರೋದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ಕಂಡು ಮನಸ್ಸು ಅತ್ತ ಹೋಗುತ್ತದೆ, ಯುರೋವನ್ನೇ ಒತ್ತಿ. ರೂಪಾಯಿಯ ದರ ಅಂಗಡಿಯವರ ಬ್ಯಾಂಕ್ ಹಾಕಿದ್ದು, ತುಟ್ಟಿ. ನಮ್ಮ ಕೆಲವು ಬ್ಯಾಂಕುಗಳು ಅದರ ಮೇಲೂ ಶುಲ್ಕ ಹಾಕುತ್ತವೆ. ಎಟಿಎಂನಲ್ಲಿ 'ಡಿಕ್ಲೈನ್ ಕನ್ವರ್ಶನ್' (ರೂಪಾಯಿಗೆ ಬದಲಾವಣೆ ಬೇಡ) ಒತ್ತಿದರೆ ಹಣ ಬರುವುದಿಲ್ಲವೆಂಬ ಹೆದರಿಕೆ ಬೇಡ. ಬರುತ್ತದೆ, ನಮ್ಮ ಬ್ಯಾಂಕಿನ ದರದಲ್ಲಿ.

ಅಡಿಕೆ ದುಡ್ಡು ಜಮೆಯಾಗುವ ಖಾತೆಯ ರುಪೇ ಡೆಬಿಟ್ ಕಾರ್ಡನ್ನೇ ನಂಬಿ ಹೊರಡಬೇಡಿ. ದೇಶದೊಳಗಿನ ರುಪೇ ಕಾರ್ಡ್ ಹೊರಗೆ ನಡೆಯುವುದಿಲ್ಲ. ರುಪೇ ಗ್ಲೋಬಲ್ ಆದರೆ ಡಿಸ್ಕವರ್, ಡೈನರ್ಸ್ ಎಂಬ ವಿದೇಶಿ ಕಾರ್ಡುಗಳನ್ನು ಒಪ್ಪುವಲ್ಲಿ ನಡೆಯುತ್ತದೆ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ ಅವರ ಕೈಗೆ ಫಾರೆಕ್ಸ್ ಕಾರ್ಡ್ ಕೊಡಿ. ಕಳೆದರೂ ತುಂಬಿಸಿದಷ್ಟಕ್ಕೇ ನಷ್ಟ, ಊರಿನ ಖಾತೆಗೆ ಯಾರ ಕೈಯೂ ಹೋಗುವುದಿಲ್ಲ.