ರೋಮ್‌ನಲ್ಲಿ ಪಾಂಫಿಲಿ ಹೆಸರಿನ ಮೂರು ಜಾಗಗಳಿವೆ, ಎಚ್ಚರ

ರೋಮ್‌ಗೆ ಹೋಗಿ ದೋರಿಯಾ ಪಾಂಫಿಲಿ ಅರಮನೆಯ ಚಿತ್ರಶಾಲೆ ನೋಡಬೇಕೆಂದಿರುವವರು ಇದನ್ನು ಓದಿಕೊಂಡು ಹೊರಡಿ. ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿ ಅರ್ಧ ದಿನವನ್ನೂ 68 ಯೂರೊವನ್ನೂ ಕಳೆದುಕೊಂಡೆವು.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಸ್ಪೇನಿನ ಚಿತ್ರಕಾರ ವೆಲಾಸ್ಕೆಜ್ 1650ರಲ್ಲಿ ಬರೆದ, ಪೋಪ್ ಹತ್ತನೆಯ ಇನ್ನೊಸೆಂಟ್‌ನ ಭಾವಚಿತ್ರವನ್ನು ಮಸುಕಾದ ಅಚ್ಚಿನಲ್ಲಿ ಮಕ್ಕಳಿಗೆ ತೋರಿಸುತ್ತಲೇ ನಿವೃತ್ತನಾದೆ. ಆ ಪೋಪ್ ಪಾಂಫಿಲಿ ಮನೆತನದವನು. ಚಿತ್ರ ಇಂದಿಗೂ ಆ ಮನೆತನದ ಅರಮನೆಯಲ್ಲೇ ಇದೆ. ಅದನ್ನು ಕಣ್ಣಾರೆ ನೋಡಬೇಕೆಂಬುದೇ ನಮ್ಮ ರೋಮ್ ಯಾತ್ರೆಯ ಮುಖ್ಯ ಕಾರಣವಾಗಿತ್ತು.

ಟಿಕೆಟ್ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣಿಸಿದ ಜಾಲತಾಣವನ್ನು ಚಿತ್ರಶಾಲೆಯದೇ ಎಂದು ನಂಬಿ ಹಣ ಕಟ್ಟಿದೆ. ಬಂದ ಕಾಗದದ ಮೇಲೆ ‘ವೋಚರ್’ ಎಂದಿತ್ತು, ಬೆಳಿಗ್ಗೆ 10 ಗಂಟೆ ಎಂದಿತ್ತು, ಅರಮನೆಯ ವಿಳಾಸ ಮಾತ್ರ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಟ್ಯಾಕ್ಸಿ ಹತ್ತಿ ‘ದೋರಿಯಾ ಪಾಂಫಿಲಿ’ ಎಂದೆ. ಚಾಲಕ ನದಿ ದಾಟಿ, ಏರು ಹತ್ತಿ, ಒಂದು ದೊಡ್ಡ ಗೇಟಿನ ಮುಂದೆ ಇಳಿಸಿ ಹೋದ. ಅವನ ತಪ್ಪೇನೂ ಇಲ್ಲ. ಅದು ವಿಲ್ಲಾ ದೋರಿಯಾ ಪಾಂಫಿಲಿ, ಅದೇ ಮನೆತನದ ಹಳೆಯ ತೋಟ. ಈಗ ಸಾರ್ವಜನಿಕ ಉದ್ಯಾನ. ಸುಮಾರು 180 ಹೆಕ್ಟೇರ್, ಲಾಲ್‌ಬಾಗಿಗಿಂತ ದೊಡ್ಡದು. ಕೊಡೆ ಬಿಚ್ಚಿಟ್ಟಂತೆ ನಿಂತ ಪೈನ್ ಮರಗಳ ಕೆಳಗೆ, ಮಂಡಿನೋವಿನ ಹೆಂಡತಿಯನ್ನು ಕರೆದುಕೊಂಡು ಅರ್ಧ ಗಂಟೆ ನಡೆದೆ. ಕೊನೆಗೆ ಮೈತುಂಬ ಶಿಲ್ಪಗಳಿದ್ದ ಬಿಳಿಯ ಅರಮನೆಯೊಂದು ಕಾಣಿಸಿತು. “ಅಂತೂ ಬಂದೆವಲ್ಲ” ಎಂದು ಆಕೆ ಬೆವರು ಒರೆಸಿಕೊಂಡಳು. ಬಾಗಿಲಲ್ಲಿ ಕಾವಲು. ಅದು ಇಟಲಿ ಸರ್ಕಾರ ತನ್ನ ಗಣ್ಯ ಅತಿಥಿಗಳನ್ನು ಸತ್ಕರಿಸುವ ಜಾಗವಂತೆ. ಕಾವಲಿನವನು ನಮ್ಮ ಕಾಗದ ನೋಡಿ ಬೆರಳು ಅಲ್ಲಾಡಿಸಿದ.

ನಾಯಿ ಸುತ್ತಾಡಿಸುತ್ತಿದ್ದ ಹಿರಿಯರೊಬ್ಬರು ‘ಪಲಾಜ್ಜೊ ಪಾಂಫಿಲಿ, ನವೋನಾ’ ಎಂದು ಬರೆದುಕೊಟ್ಟರು. ಮತ್ತೆ ಟ್ಯಾಕ್ಸಿ. ನವೋನಾ ಚೌಕದಲ್ಲಿ ಶಿಲ್ಪಿ ಬರ್ನಿನಿಯ ನಾಲ್ಕು ನದಿಗಳ ಕಾರಂಜಿ ಇದೆ. ನಾಲ್ಕರಲ್ಲಿ ನಮ್ಮ ಗಂಗೆಯೂ ಒಂದು, ಆದರೆ ಹುಟ್ಟು ಹಿಡಿದ ಗಡ್ಡದ ಗಂಡಸಾಗಿ! ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಎದುರಿಗೇ ಪಾಂಫಿಲಿ ಅರಮನೆ, ಅದರ ಮೇಲೆ ಬ್ರೆಜಿಲ್ ಬಾವುಟ. ಅದು ಬ್ರೆಜಿಲ್ ದೇಶದ ರಾಯಭಾರ ಕಚೇರಿ.

ನಾವು ಹುಡುಕುತ್ತಿದ್ದ ಅರಮನೆ ಅಲ್ಲಿಂದ ಕಾಲು ಗಂಟೆಯ ನಡಿಗೆಯಷ್ಟು ದೂರದಲ್ಲಿ, ವಿಯಾ ದೆಲ್ ಕೋರ್ಸೊ ರಸ್ತೆಯಲ್ಲಿದೆ. ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಕೌಂಟರಿನಲ್ಲಿದ್ದ ಹುಡುಗಿ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ಇದು ನಮ್ಮ ಟಿಕೆಟ್ ಅಲ್ಲ, ಇದನ್ನು ಮಾರಿದ ಮಧ್ಯವರ್ತಿಯ ಬಳಿ ಹೋಗಿ ಬದಲಾಯಿಸಿಕೊಳ್ಳಬೇಕಿತ್ತು ಎಂದಳು. ಕಾಗದದಲ್ಲಿದ್ದ ಫೋನ್ ಸಂಖ್ಯೆಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಹೊಸ ಟಿಕೆಟ್ ಕೊಂಡೆವು. ಮಧ್ಯವರ್ತಿಗೆ ಕೊಟ್ಟದ್ದರ ಅರ್ಧದಷ್ಟೇ ಆಯಿತು ಎಂಬುದು ಇನ್ನಷ್ಟು ಉರಿಸಿತು.

ಮೂರು ಗಂಟೆಗೆ ಫ್ಲಾರೆನ್ಸ್ ರೈಲು. ಕೈಯಲ್ಲಿದ್ದದ್ದು ಐವತ್ತು ನಿಮಿಷ. ಒಳಗೆ ಚೌಕಟ್ಟಿಗೆ ಚೌಕಟ್ಟು ತಾಗಿಸಿ ಚಾವಣಿಯವರೆಗೂ ಚಿತ್ರ ತೂಗುಹಾಕಿದ್ದಾರೆ. ಹೆಚ್ಚಿನವುಗಳ ಕೆಳಗೆ ಹೆಸರಿಲ್ಲ, ಬರಿಯ ಸಂಖ್ಯೆ. ಆಡಿಯೋ ಗೈಡ್ ಇಲ್ಲದಿದ್ದರೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಕರವಾಜ್ಜೊನ ಚಿತ್ರಗಳ ಮುಂದೆ ಓಡಿದೆನೇ ಹೊರತು ನಿಲ್ಲಲಿಲ್ಲ. ಪೋಪನ ಚಿತ್ರವಿರುವುದು ಒಂದು ಪುಟ್ಟ ಕೋಣೆಯಲ್ಲಿ, ಪಕ್ಕದಲ್ಲಿ ಬರ್ನಿನಿ ಕಡೆದ ಅವನದೇ ಅಮೃತಶಿಲೆಯ ಮುಖ. ಅಚ್ಚಿನಲ್ಲಿ ಎಂದೂ ಕಾಣದಿದ್ದ ಕೆಂಪು, ಕೆಂಪಿನೊಳಗೆ ಇನ್ನೊಂದು ಕೆಂಪು. ಕೈಯಲ್ಲಿ ಕಾಗದ ಹಿಡಿದು, ಇನ್ನೊಂದು ದಾಖಲೆ ತನ್ನಿ ಎನ್ನುವ ಶಿರಸ್ತೇದಾರನ ಹಾಗೆ ನೋಡುತ್ತಾನೆ. “ಇವನ ಕೈಯಲ್ಲಿರುವುದೂ ವೋಚರೇ ಇರಬೇಕು” ಎಂದಳು ಹೆಂಡತಿ.

ಚಾಲಕನಿಗೆ ಹೆಸರು ಹೇಳಬೇಡಿ, ‘ವಿಯಾ ದೆಲ್ ಕೋರ್ಸೊ 305’ ಎಂದು ಬರೆದು ತೋರಿಸಿ. ಟಿಕೆಟನ್ನು ಚಿತ್ರಶಾಲೆಯ ಸ್ವಂತ ಜಾಲತಾಣದಲ್ಲೇ ಕೊಳ್ಳಿ. ತಿಂಗಳ ಮೊದಲ ಭಾನುವಾರ ಪುಕ್ಕಟೆ ಪ್ರವೇಶವಿರುವುದು ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ. ಇದು ಖಾಸಗಿ ಅರಮನೆ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಣ ಹಿಂತಿರುಗಿಸಿ ಎಂದು ಮಧ್ಯವರ್ತಿಗೆ ನಾಲ್ಕು ಮಿಂಚಂಚೆ ಬರೆದಿದ್ದೇನೆ. ನಾಲ್ಕಕ್ಕೂ ಒಂದೇ ಉತ್ತರ ಬಂದಿದೆ: ‘ನಿಮ್ಮ ಪ್ರವಾಸ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?’