ಕ್ವಿಕ್ ಡ್ರೈನ್ ವಾಲ್ವ್ ಹಾಕಿಸುವ ಮೊದಲು ಕಾರಿನ ಅಡಿ ಬಗ್ಗಿ ನೋಡಿ

ಇಂಜಿನ್ ಆಯಿಲ್ ಬದಲಿಸುವುದು ಸುಲಭವಾಗಲಿ ಎಂದು ಕ್ವಿಕ್ ಡ್ರೈನ್ ವಾಲ್ವ್ ಹಾಕಿಸಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ನಿಮ್ಮ ಕಾರು ನೆಲಕ್ಕೆ ಹತ್ತಿರವಿದ್ದು, ಇಂಜಿನ್ ಅಡಿಯಲ್ಲಿ ಗಾರ್ಡ್ ಇಲ್ಲದಿದ್ದರೆ ಬೇಡವೇ ಬೇಡ. ಆ ವಾಲ್ವ್ ದೆಸೆಯಿಂದ ನನ್ನ ಇಂಜಿನ್ ಬಿಚ್ಚಿಸಬೇಕಾಯಿತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆಯಿಲ್ ಸಂಪಿನ (ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ತಳದಲ್ಲಿ ಆಯಿಲ್ ಇಳಿಸಲು ಇರುವ ಡ್ರೈನ್ ಬೋಲ್ಟ್ ತೆಗೆದು, ಅದೇ ಥ್ರೆಡ್‌ಗೆ ಪುಟ್ಟ ಬಾಲ್ ವಾಲ್ವ್ ಕೂರಿಸುತ್ತಾರೆ. ಲಿವರ್ ಕಾಲು ಸುತ್ತು ತಿರುಗಿಸಿದರೆ ಆಯಿಲ್ ಇಳಿಯುತ್ತದೆ. ಸ್ಪ್ಯಾನರ್ ಬೇಡ, ಪ್ರತಿ ಸಲ ಹೊಸ ವಾಷರ್ ಬೇಡ, ಬಿಸಿ ಆಯಿಲ್ ಕೈಮೇಲೆ ಸುರಿಯುವುದೂ ಇಲ್ಲ. ಇದೆಲ್ಲ ನಿಜವೇ. ನನಗೂ ತುಂಬಾ ಹಿಡಿಸಿತ್ತು.

ಒಂದು ದಿನ ಮಣ್ಣು ರಸ್ತೆಯಲ್ಲಿ ಒಣ ಕೊಂಬೆಯೊಂದು ಕಾರಿನ ಅಡಿಗೆ ಸಿಕ್ಕಿತು. ಕರಕರ ಸದ್ದಾಯಿತು, ಅಷ್ಟೇ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಯಿಲ್ ಪ್ರೆಶರ್‌ನ ಕೆಂಪು ದೀಪ ಹತ್ತಿತು. ತಕ್ಷಣ ಇಂಜಿನ್ ಆಫ್ ಮಾಡಿ ಇಳಿದು ನೋಡಿದರೆ ಲಿವರ್ ಪೂರ್ತಿ ತೆರೆದುಕೊಂಡಿತ್ತು. ಹಿಂದೆ ರಸ್ತೆಯುದ್ದಕ್ಕೂ ಆಯಿಲ್ ಗೆರೆ. ಅದರ ಮೇಲೆ ಬೈಕಿನವರು ಬಂದಿದ್ದರೆ ಏನು ಗತಿ ಎಂದು ಈಗಲೂ ಹೆದರಿಕೆಯಾಗುತ್ತದೆ.

ಕಾರನ್ನು ಟೋ ಮಾಡಿಸಿದೆ. ಹೊಸ ಆಯಿಲ್ ತುಂಬಿ ಸ್ಟಾರ್ಟ್ ಮಾಡಿದರೆ ಕೆಳಗಿನಿಂದ ಟಕಟಕ ಸದ್ದು. ಸಂಪ್ ಬಿಚ್ಚಿಸಿದಾಗ ಬೇರಿಂಗ್‌ಗಳಲ್ಲಿ ಗೀರು ಬಿದ್ದಿರುವುದು ಕಂಡಿತು. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಬೇರಿಂಗಿನೊಳಗೆ ತಿರುಗುವುದೇ ಆಯಿಲ್‌ನ ತೆಳು ಪದರದ ಮೇಲೆ. ಆ ಪದರ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಳಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ವಾಲ್ವ್ ನೋಡಿದ ಮೆಕ್ಯಾನಿಕ್ ಕಾರಣ ತೋರಿಸಿದರು. ಒಳ್ಳೆಯ ವಾಲ್ವ್‌ನಲ್ಲಿ ಲಿವರ್ ಸ್ಪ್ರಿಂಗ್ ಬಲದಿಂದ ಒಂದು ಕಚ್ಚಿನಲ್ಲಿ ಕೂತಿರುತ್ತದೆ. ಮೊದಲು ಅದನ್ನು ಬಿಡಿಸಿ, ಆಮೇಲೆ ತಿರುಗಿಸಬೇಕು. ಲಾಕ್ ಇದೆ ಎಂದು ಹೇಳಿ ನನಗೆ ಮಾರಿದ್ದರಲ್ಲಿ ಅಂಥ ಕಚ್ಚೇ ಇರಲಿಲ್ಲ. ಬರೀ ಬಿಗಿತದ ಮೇಲೆ ನಿಂತಿತ್ತು, ಬಳಸುತ್ತಾ ಅದೂ ಸಡಿಲವಾಗಿತ್ತು. ಹಾಕಿದವರು ಲಿವರನ್ನು ಕಾರಿನ ಮುಂದಕ್ಕೆ ಚಾಚಿರುವಂತೆ ಕೂರಿಸಿದ್ದರು. ಎದುರಿಗೆ ಬಂದದ್ದೆಲ್ಲ ನೇರ ಅದಕ್ಕೇ ತಾಗುತ್ತದೆ ಅಲ್ವಾ?

ಲಾಕ್ ಇದ್ದರೂ ಪೂರ್ತಿ ನಂಬಬೇಡಿ. ವಾಲ್ವ್ ಸಂಪಿಗಿಂತ ಕೆಳಗೆ ಇಳಿಬಿದ್ದಿದ್ದರೆ ಕಲ್ಲೋ ಹಂಪೋ ತಗುಲಿ ಮುರಿಯಬಹುದು. ಅಲ್ಯೂಮಿನಿಯಂ ಸಂಪ್ ಆದರೆ ಥ್ರೆಡ್ ಕೂಡ ಕಿತ್ತುಬರಬಹುದು. ಇನ್ನು ಕೆಲವು ಕಾರುಗಳಲ್ಲಿ ವಾಲ್ವ್‌ನ ತುದಿ ಸಂಪಿನ ಒಳಗೆ ಸ್ವಲ್ಪ ಮೇಲೆ ಎದ್ದಿರುತ್ತದೆ. ಆಗ ತಳದ ಆಯಿಲ್, ಅಂದರೆ ಕೊಳೆ ಕೂತಿರುವ ಭಾಗವೇ, ಒಳಗೆ ಉಳಿಯುತ್ತದೆ. ತೂತು ಸಣ್ಣದಾದ್ದರಿಂದ ಇಳಿಯುವುದೂ ನಿಧಾನ.

ಎತ್ತರದ ಗಾಡಿ, ಅಡಿಯಲ್ಲಿ ಗಟ್ಟಿ ಗಾರ್ಡ್, ಅದಕ್ಕಿಂತ ಮೇಲೆ ಕೂರುವ ವಾಲ್ವ್: ಇಷ್ಟಿದ್ದರೆ ಹಾಕಿಸಿ, ನನ್ನ ತಕರಾರಿಲ್ಲ. ನಾನಂತೂ ಮತ್ತೆ ಬೋಲ್ಟ್ ಮತ್ತು ವಾಷರ್ ಹಾಕಿಸಿದ್ದೇನೆ.

ಈಗಾಗಲೇ ಹಾಕಿಸಿರುವವರು ಇಂಜಿನ್ ಆಫ್ ಇರುವಾಗ ಲಿವರನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ. ಸುಮ್ನೆ ತಳ್ಳಿದರೇ ಅಲುಗಿದರೆ ಗಾಡಿ ತೆಗೆಯುವ ಮೊದಲೇ ವಾಲ್ವ್ ಬದಲಿಸಿ. ಓಡಿಸುವಾಗ ಕೆಂಪು ಆಯಿಲ್ ದೀಪ ಹತ್ತಿದರೆ ಮುಂದಿನ ಗ್ಯಾರೇಜ್‌ವರೆಗೆ ಹೋಗೋಣ ಅನ್ನಬೇಡಿ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿಬಿಡಿ.